ಅಮ್ಮ ತುಳಿದ ದಾರಿ

ಮತ್ತೆ ಒತ್ತಿತು ಅಮ್ಮನ ಬಲಗಾಲು, ಕಾರಿನ ರಬ್ಬರ್ ಹಾಸಿನ ಮೇಲೆ, ಹಿಮ್ಮಡಿ ಎದ್ದು ಬೆರಳು ಇಳಿದು, ಬೆರಳು ಎದ್ದು ಹಿಮ್ಮಡಿ ಇಳಿದು, ಎದುರಿಗೆ ಲಾರಿಯಿಲ್ಲ, ತಿರುವಿಲ್ಲ, ನಾಯಿಯೂ ಅಡ್ಡ ಬಂದಿಲ್ಲ, ಆದರೂ — ಹೆದರಿದ್ದಾಳೆ ಪಾಪ, ಎಂದುಕೊಂಡಳು ಸ್ಟೀರಿಂಗ್ ಹಿಡಿದ ಮಗಳು, ಮೊನ್ನೆ ಮೊನ್ನೆ ಲೈಸೆನ್ಸ್ ಪಡೆದವಳ ಪಕ್ಕ ಕೂತರೆ ಯಾರಿಗೆ ತಾನೇ ಜೀವ ಬಾಯಿಗೆ ಬರುವುದಿಲ್ಲ, ಅಮ್ಮಾ, ಬ್ರೇಕ್ ಇರೋದು ನನ್ನ ಕಡೆ, ಬ್ರೇಕ್ ಯಾರೇ ಒತ್ತಿದ್ದು, ಏರು ಬಂತಲ್ಲ, ನಾನೂ ಒಂಚೂರು ತುಳೀತಿದ್ದೀನಿ. ತುಳಿಯುತ್ತಿದ್ದಾಳೆ! ನಗು ಉಕ್ಕಿ ಕಾರು ಅತ್ತಿತ್ತ ವಾಲಿತು, ನೋಡ್ಕೊಂಡು ಓಡ್ಸೇ ಪುಟ್ಟಿ, ಇವತ್ತು ಮುಟ್ಟಬೇಕಾಗಿರೋದು ಅಕ್ಕನ ಮನೆ, ಆಸ್ಪತ್ರೆಯಲ್ಲ — ಹೌದಲ್ಲ, ಹೊಲಿಗೆ ಯಂತ್ರ ತುಳಿದು ತುಳಿದೇ ಮನೆಯನ್ನು ಇಲ್ಲಿಯತನಕ ತಂದ ಕಾಲು ಅದು, ಸುಮ್ಮನೆ ಕೂರು ಎಂದರೆ ಹೇಗೆ ಕೂತೀತು, ಭೂಮಿ ತಾನಾಗೇ ತಿರುಗುತ್ತೆ ಅಂದ್ಕೊಂಡ್ಯೇನೇ, ಎನ್ನುತ್ತಿದ್ದಳು ಅಜ್ಜಿ, ಕಂಬಳಿಯೊಳಗೆ ಕಾಲು ಬೆಚ್ಚಗೆ ಮಾಡಿಕೊಂಡು, ಏಳು ಕಡಲಾಚೆ ಒಬ್ಬ ಹೆಂಗಸು ಕೂತು ತುಳೀತಿರ್ತಾಳೆ, ಅವಳು ಕಾಲೆತ್ತಿದ್ರೆ ನಾವೆಲ್ಲ ನಿಂತಲ್ಲೇ ನಿಂತುಬಿಡ್ತೀವಿ, ಹೂಂ ಅನ್ನು, ಹೂಂಗುಟ್ಟದಿದ್ರೆ ಕಥೆ ಕೋಪ ಮಾಡ್ಕೊಂಡು ಎದ್ದುಹೋಗುತ್ತೆ, ಹೂಂ ಅಜ್ಜಿ, ಹೂಂ, ಆದರೆ ಏಳು ಕಡಲೇಕೆ, ಆ ಹೆಂಗಸು ಪಕ್ಕದ ಕೋಣೆಯಲ್ಲೇ ಇದ್ದಾಳಲ್ಲ, ಕಟಕಟ ಕಟಕಟ, ತುಟಿಯ ನಡುವೆ ಗುಂಡುಸೂಜಿಗಳು, ಬೈಗುಳವೂ ಸೂಜಿಗಳ ಸಂದಿಯಿಂದಲೇ, ಉಂ ಉಂ ಎಂದರೆ ದೀಪ ಆರಿಸು, ಉಂಉಂಉಂ ಎಂದರೆ ಕತ್ತೆ, ಇನ್ನೂ ಮಲಗಲಿಲ್ಲವಾ. ಹೀಗೆ ಕಣ್ಣು ಮುಚ್ಚಿದಾಗ ತಿರುಗುತ್ತಿತ್ತು ಭೂಮಿ, ಕಣ್ಣು ಬಿಟ್ಟಾಗ ಬೆಳಗಾಗಿರುತ್ತಿತ್ತು, ಗೂಟದಲ್ಲಿ ಯಾರದೋ ಹೊಸ ಅಂಗಿ ನೇತಾಡುತ್ತಿತ್ತು.

ಈಗ ಅಮ್ಮ ತೊಟ್ಟ ನೀಲಿ ಅಂಗಿ ಭುಜದಿಂದ ಜಾರುತ್ತದೆ, ಎಳೆದುಕೊಳ್ಳುತ್ತಾಳೆ, ಜಾರುತ್ತದೆ, ಊರಿಗೆಲ್ಲ ಅಳತೆ ತಪ್ಪದೆ ಹೊಲಿದವಳ ಮೈಮೇಲೆ ಎರವಲು ತಂದಂಥ ಅಂಗಿ, ಒಂದು ಹೊಲಿಗೆ ಹಾಕಿ ಬಿಗಿ ಮಾಡ್ಕೋಬಾರದಿತ್ತಾ ಎಂದರೆ, ಅಕ್ಕನ ಕತ್ತರಿ ಆಡಿದ ಬಟ್ಟೆಗೆ ನಾನು ಕೈ ಹಚ್ಚೋದಾ, ಚೆನ್ನಾಗಿ ಹೇಳ್ದೆ — ಅಕ್ಕ ಕತ್ತರಿಸುವುದು, ತಂಗಿ ಹೊಲಿಯುವುದು, ಒಂದೇ ಅಂಗಡಿ, ನಡುವೆ ಒಂದು ಪರದೆ, ಅಮ್ಮನ ಬಾಯಿಂದಲ್ಲ, ಅಜ್ಜಿಯ ಬಾಯಿಂದ ಕೇಳಿದ ಕಥೆ ಇದು, ಅಂದು ಗಿರಾಕಿ ಹೆಂಗಸೊಬ್ಬಳು ಕನ್ನಡಿಯೆದುರು ತಿರುಗಿ ತಿರುಗಿ, ಅಬ್ಬಾ, ಇದೆಲ್ಲ ನಿಂದೇ ಕೈಕೆಲಸಾನಾ ಅಂದಳಂತೆ, ಹೌದು ಅಂದಳಂತೆ ಅಮ್ಮ, ಅಷ್ಟೇ, ಬರೀ ಒಂದು ಹೌದು, ಪರದೆಯ ಹಿಂದೆ ಕತ್ತರಿ ನಿಂತಿತು, ತಂಗಿಗೆಂದೇ ಕತ್ತರಿಸಿದ್ದ ನೀಲಿ ತುಂಡುಗಳನ್ನು ಮೇಜಿನ ಮೇಲೆ ಬಿಟ್ಟು ದೊಡ್ಡಮ್ಮ ಮೆಟ್ಟಿಲಿಳಿದಳು, ಮತ್ತೆ ಹತ್ತಲಿಲ್ಲ, ಮಗಳು ಇನ್ನೂ ಹುಟ್ಟಿರಲಿಲ್ಲ. ಅಂದಿನಿಂದ ಅಮ್ಮನ ಬಾಯಲ್ಲಿ ಹೌದು ಎಂಬ ಮಾತೇ ಇಲ್ಲ, ಇವಳು ನಿಮ್ಮ ಮಗಳಾ, ಹೂಂ, ಮಂಡಿ ನೋಯುತ್ತಾ, ಹೂಂ ಡಾಕ್ಟ್ರೇ, ಇನ್ನು ತುಳಿಯೋದು ನಿಲ್ಲಿಸ್ತೀರಾ, ಹೂಂ — ನಡುವೆ ಎದ್ದುಹೋದ ಕಥೆಗಾರ್ತಿಗೆ ಇಷ್ಟು ವರ್ಷ ಹೂಂಗುಟ್ಟುತ್ತಾ ಕೂತಹಾಗೆ, ಯಾರು ಹೀಗೆ ಕೂತಾರು, ಅಮ್ಮನಲ್ಲದೆ ಇನ್ಯಾರು, ಕಾಲು ನಿಲ್ಲುವ ಮುಂಚೆ ಪೆಟ್ಟಿಗೆಯ ತಳದಿಂದ ಆ ತುಂಡುಗಳನ್ನು ತೆಗೆದು, ಗೆರೆ ಎಳೆದಲ್ಲೇ ಹೊಲಿದು, ಆಗಿನ ಅಳತೆಯನ್ನು ಈಗಿನ ಬಡಕಲು ಮೈಗೆ ತೊಟ್ಟು, ನಡಿ ಪುಟ್ಟಿ, ಅಕ್ಕನಿಗೆ ತೋರಿಸಬೇಕು. ದೊಡ್ಡಮ್ಮ ಫೋನಿನಲ್ಲಿ ಎಂದಿದ್ದು, ಬರ್ಲಿ, ರಸ್ತೆ ಏನು ನನ್ನಪ್ಪನದಾ, ಬಾಗಿಲು ಮಾತ್ರ ನಂದು — ಅದನ್ನು ಅಮ್ಮನಿಗೆ ಹೇಳಿಲ್ಲ, ಹೇಳದೆಯೇ ಗೊತ್ತಿರಬೇಕು, ಇಲ್ಲದಿದ್ದರೆ ಈ ಕಾಲು ಇಷ್ಟು ಜೋರಾಗಿ ಏಕೆ, ಈಗಂತೂ ಏರೂ ಇಲ್ಲ.

ಗಲ್ಲಿ, ನಲ್ಲಿಯ ಹತ್ತಿರ ಕೊಡಗಳ ಸಾಲು, ಬಣ್ಣ ಸಿಪ್ಪೆ ಎದ್ದ ಬಾಗಿಲು, ಒಳಗಿನಿಂದ ಮರದ ಮೇಜಿನ ಮೇಲೆ ಕತ್ತರಿಯ ಸದ್ದು, ಕರಕ್, ಕರಕ್, ಎಂಜಿನ್ ಆರಿಸಿದರೂ ಅಮ್ಮನ ಕಾಲು ಆರಲಿಲ್ಲ, ಆ ಸದ್ದಿಗೇ ತಾಳ ಹಾಕಿತು, ಕರಕ್ ಎಂದರೆ ಒತ್ತು, ಕರಕ್, ಒತ್ತು, ಹಳೆಯ ಅಂಗಡಿ ಕಾರಿನೊಳಗೆ ಬಂದು ಕೂತಂತೆ — ಮಗಳು ಬಾಗಿಲು ಬಡಿದಳು, ಕತ್ತರಿ ನಿಂತಿತು, ತಿರುಗಿ ನೋಡಿದರೆ ಅಮ್ಮ ಆಗಲೇ ಹಿಂದೆ ಬಂದು ನಿಂತಿದ್ದಾಳೆ, ಮಂಡಿ ಹಿಡಿದುಕೊಂಡು, ಜಾರಿದ ಭುಜ ಎಳೆದುಕೊಳ್ಳದೆ, ಚಿಲಕ ಅಲ್ಲಾಡುತ್ತದೆ, ಅಲ್ಲಾಡುವುದಿಲ್ಲ, ಅಲ್ಲಾಡಿತು, ತೆರೆದ ಬಾಗಿಲಲ್ಲಿ ಅಮ್ಮನದೇ ಮೂಗು, ಕೊರಳಲ್ಲಿ ಅಳತೆ ಟೇಪು, ದೊಡ್ಡಮ್ಮನ ಕಣ್ಣು ನೇರ ಅಂಗಿಯ ಭುಜಕ್ಕೆ, ಎರಡು ಬೆರಳಲ್ಲಿ ಬಟ್ಟೆ ಚಿವುಟಿ, ಒಳಮಗ್ಗುಲು ತಿರುಗಿಸಿ, ಕಟಿಂಗ್ ನಂದಲ್ವೇನೇ ಇದು, ಅಮ್ಮನ ತುಟಿ ಹೂಂ ಎನ್ನಲು ಕೂಡಿತು, ಅನ್ನಲಿಲ್ಲ, ಬಿಚ್ಚಿತು, ಹೌದಕ್ಕ, ನಿಂದೇ, ಪೂರ್ತಿ ನಿಂದೇ — ಎಷ್ಟು ಇಳಿದುಹೋಗಿದ್ದೀಯೇ ಮಾರಾಯ್ತಿ, ಒಳಗೆ ಬಾ, ಅಂಗಿಯ ಭುಜ ಒಂಚೂರು ಬಿಗಿ ಹಿಡೀಬೇಕು, ಎನ್ನುತ್ತಿದೆ ದೊಡ್ಡಮ್ಮನ ದನಿ, ಮಗಳಿಗೆ ಕೇಳಿಸುತ್ತಿಲ್ಲ, ಕಾಣುವುದು ಅದೊಂದೇ, ಅಮ್ಮನ ಬಲಗಾಲು, ಹೊಸಿಲ ಮೇಲೆ, ಹಿಮ್ಮಡಿ ಎದ್ದು, ಬೆರಳು ಇಳಿದು, ಒತ್ತದೆ, ಎತ್ತದೆ, ಭೂಮಿ ನಿಂತಿದೆ, ಆ ಕಾಲು, ಹೊಸಿಲ ಮೇಲೆ, ಆ ಕಾಲು