ಮಧ್ಯಾಹ್ನದ ಪಾಳಿ

ವಿಜಾಪುರ ಮುಗಿದು ತಿಕೋಟಾ ರಸ್ತೆ ಶುರುವಾಗುವಲ್ಲಿ ಸಕ್ರವ್ವನ ವೀಳ್ಯದೆಲೆ ಬಳ್ಳಿಯ ತೋಟವಿತ್ತು. ಗಂಡ ಹಚ್ಚಿದ ಬಳ್ಳಿಗಳು. ಅವನು ತೀರಿಕೊಂಡ ಮೇಲೆ ಅವಳೇ ಜೋಪಾನ ಮಾಡಿದ್ದಳು. ಆ ತೋಟಕ್ಕೂ ಪಕ್ಕದ ಶಂಕ್ರೆಪ್ಪನ ಹೊಲಕ್ಕೂ ಬದುವಿನ ಮೇಲೆ ಒಂದೇ ಬಾವಿ. ಹಿರಿಯರು ಪಾಳಿ ಹಾಕಿಕೊಟ್ಟಿದ್ದರು: ಮುಂಜಾನೆ ಶಂಕ್ರೆಪ್ಪನದು, ಬಾವಿಯ ಕಲ್ಲುಗಂಬದ ನೆರಳು ಬುಡ ಸೇರಿದ ಮೇಲೆ ಸಕ್ರವ್ವನದು. ಇಬ್ಬರೂ ಎತ್ತು ಕಟ್ಟಿ ತೊಗಲಿನ ಕಪಲಿಯಿಂದ ನೀರೆತ್ತುತ್ತಿದ್ದರು. ಎತ್ತು ದಣಿಯುತ್ತಿದ್ದವೇ ಹೊರತು ಬಾವಿ ದಣಿದದ್ದಿಲ್ಲ.

ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಶಂಕ್ರೆಪ್ಪ ಊರ ಹಿರಿಯ ಗುರುಪಾದಯ್ಯನನ್ನು ಕರೆದುಕೊಂಡು ಬಂದ.

"ಸಕ್ರವ್ವಾ, ಬಾವಿಗೆ ಎಂಜಿನ್ ಕೂಡಿಸಬೇಕಂತ ಮಾಡೀನಿ. ಪ್ಯಾಟಿಗೆ ಬದನಿಕಾಯಿ ಎಷ್ಟು ಒಯ್ದರೂ ಸಾಲವಲ್ದು. ನೀ ಹೂಂ ಅನ್ನಬೇಕು."

ಇವತ್ತು ಎಂಜಿನ್ ತಂದವನು ನಾಳೆ ಮಧ್ಯಾಹ್ನವನ್ನೂ ಕೇಳಿಯಾನು ಎಂದು ಅವಳ ಜೀವ ಹೆದರಿತು.

"ಕೂಡಿಸ್ಕೊ. ಆದ್ರ ಪಾಳಿ ಬದಲಾಗಬಾರ್ದು. ಮುಂಜಾನಿ ನಿಂದು, ಮಧ್ಯಾಹ್ನ ನಂದು. ಕಂಬ ಮುಟ್ಟಿ ಆಣಿ ಮಾಡು."

"ವಕೀಲರು ಇಕಿ ಕಡೆ ಕಲಿಬೇಕು ನೋಡಪಾ," ಎಂದು ಗುರುಪಾದಯ್ಯ ನಕ್ಕ.

ಸಕ್ರವ್ವ ತಾನೇ ಕಂಬಕ್ಕೆ ಭಂಡಾರದ ಅರಿಶಿನ ಹಚ್ಚಿದಳು. ಇಬ್ಬರೂ ಕೈಯಿಟ್ಟು ಆಣೆ ಮಾಡಿದರು. ತೋಟ ಉಳಿಯಿತೆಂದು ಅವಳು ಅವತ್ತು ಹೋಳಿಗೆ ಮಾಡಿದಳು.

ಮಳೆಗಾಲದಲ್ಲಿ ಏನೂ ತಿಳಿಯಲಿಲ್ಲ. ಶಿವರಾತ್ರಿ ಹೊತ್ತಿಗೆ ಒಂದು ಮಧ್ಯಾಹ್ನ ಅವಳ ಕಪಲಿ ತಳಕ್ಕೆ ಬಡಿದು ಸದ್ದಾಯಿತು. ಎತ್ತು ಎಳೆದವು. ಮೇಲೆ ಬಂದದ್ದು ರಾಡಿ. ರಾತ್ರಿಯೆಲ್ಲ ಊರಿದ ನೀರನ್ನು ಎಂಜಿನ್ ಮುಂಜಾನೆಯೇ ಕುಡಿದು ಮುಗಿಸಿತ್ತು. ಸಂಜೆಯವರೆಗೆ ಕಾದರೂ ನಾಲ್ಕು ಕಪಲಿ ತುಂಬಲಿಲ್ಲ. ಎಲೆಯ ಅಂಚು ಕರ್ರಗಾಗತೊಡಗಿತು.

ಅವಳು ಶಂಕ್ರೆಪ್ಪನ ಅಂಗಳಕ್ಕೆ ಹೋದಳು. ಗುರುಪಾದಯ್ಯನೂ ಅಲ್ಲೇ ಕೂತಿದ್ದ.

"ಯಪ್ಪಾ, ಹೊತ್ತು ಹಂಚೂದು ಬ್ಯಾಡ, ನೀರು ಹಂಚೂನು. ಬಾವಿ ಮೆಟ್ಟಲದ ಲೆಕ್ಕ ಹಿಡಿ. ನೀರು ಅರ್ಧಕ್ಕ ಇಳಿದ ಕೂಡ್ಲೆ ಎಂಜಿನ್ ನಿಲ್ಲಿಸು, ಉಳಿದ ಅರ್ಧ ನಂದು."

ಶಂಕ್ರೆಪ್ಪ ಕೇಳಿದ, "ನಿನ್ನ ಪಾಳ್ಯಾಗ ಒಂದು ತಂಬಿಗಿ ನೀರರೆ ಮುಟ್ಟೀನೇನು?"

"ಇಲ್ಲ."

"ಆಣಿ ಹಾಕಿಸಿದಾಕಿ ನೀನ. ಈಗ ಮುರಿ ಅಂತಿ. ನನಗೂ ಮಕ್ಕಳದಾವ, ಬೇ."

ಸಕ್ರವ್ವ ಗುರುಪಾದಯ್ಯನ ಕಡೆ ನೋಡಿದಳು. ಅವತ್ತು ನಕ್ಕವನು ಇವತ್ತು ನಗಲಿಲ್ಲ. "ಮಾತು ನಿಂದ ಐತೆವ್ವಾ. ನಾ ಏನಂತ ಹೇಳ್ಲಿ?"

ಶಂಕ್ರೆಪ್ಪ ಕದ್ದಿದ್ದರೆ ಬೈಯಬಹುದಿತ್ತು.

ಬೇಸಿಗೆ ಮುಗಿಯುವುದರೊಳಗೆ ಬಳ್ಳಿಗಳು ಒಣಗಿ, ಆಸರೆಗೆ ಹಚ್ಚಿದ್ದ ಚೊಗಚಿ ಗಿಡಗಳಿಗೆ ಹಳೆ ಹಗ್ಗದಂತೆ ಜೋತುಬಿದ್ದವು. ಎತ್ತುಗಳನ್ನು ಅವಳು ತಿಕೋಟಾದ ತಮ್ಮ ಗೊಲ್ಲಾಳಪ್ಪನ ಮನೆಗೆ ಕಳಿಸಿದಳು. "ನೀನೂ ನಡಿಯಕ್ಕಾ," ಎಂದು ಅವನು ಕರೆದ. ಅವಳು ಒಲ್ಲೆ ಎಂದಳು. ಬಿಟ್ಟುಹೋದರೆ ಪಾಳಿ ಯಾರದಾಗುತ್ತದೆ?

ಬಾವಿಯ ಹತ್ತಿರ ಒಂದು ಬಳ್ಳಿ ಮಾತ್ರ ಇನ್ನೂ ಹಸಿರಿತ್ತು. ಅದಕ್ಕಾಗಿ ಅವಳು ದಿನಾಲೂ ಕೊಡ ಹಿಡಿದು ಬಂದು ಕಂಬದ ಹತ್ತಿರ ಕೂರುತ್ತಿದ್ದಳು. ನೆರಳು ಬುಡಕ್ಕೆ ಬಂದ ಕೂಡಲೇ ಶಂಕ್ರೆಪ್ಪ ಎಂಜಿನ್ ನಿಲ್ಲಿಸುತ್ತಿದ್ದ. ಒಂದು ಗಳಿಗೆಯೂ ಹೆಚ್ಚು ಓಡಿಸಿದವನಲ್ಲ.

"ಸಕ್ರವ್ವಾ," ಎಂದು ಮುಖ ಆ ಕಡೆ ತಿರುಗಿಸಿಕೊಂಡೇ ಕೂಗುತ್ತಿದ್ದ, "ನಿನ್ನ ಪಾಳಿ ಬಂತು ನೋಡು."

ಅವಳು ಸೆರಗು ಕಟ್ಟಿ, ಹಸಿ ಮೆಟ್ಟಿಲುಗಳನ್ನು ಹಿಡಿದುಕೊಂಡು ತಳದವರೆಗೂ ಇಳಿಯುತ್ತಿದ್ದಳು.