ಹೊಗೆಯಿಲ್ಲದ ರೊಟ್ಟಿ

ನಮ್ಮ ಅತ್ತೆ ಚಂದವ್ವ ಹುನಗುಂದದ ಕೋರ್ಟಿನ ಹತ್ತಿರದ ಖಾನಾವಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಾರೆ. ಅವರು ಕಟ್ಟಿಗೆ ಒಲೆಯ ಮುಂದೆ ಕೂತರೆ ರೊಟ್ಟಿ ಬಡಿಯುವ ಸದ್ದಿಗಿಂತ ಕೆಮ್ಮೇ ಜಾಸ್ತಿ ಕೇಳುತ್ತಿತ್ತು. "ಇನ್ನ ಹೊಗಿ ಕುಡದ್ರ ನಡಿಯಂಗಿಲ್ರಿ, ರೊಟ್ಟಿ ಮಾಡೂದು ಬಿಡ್ರಿ," ಎಂದರು ದವಾಖಾನೆಯ ಡಾಕ್ಟರು. ಮನೆಗೆ ಬಂದ ಮೇಲೆ ಅತ್ತೆ, "ರೊಟ್ಟಿ ಬಿಟ್ಟು ನಾ ಏನ್ ಮಾಡ್ಲಿ ರೋಹಿಣಿ? ಗ್ವಾಡಿ ನೋಡಕೋತ ಕುಂದರ್ಲೇನು?" ಎಂದರು.

ನಾನು ಕರೆಂಟ್ ಒಲೆ ತಂದೆ. ಅದಕ್ಕೆ ಸರಿಹೊಂದುವ ಸಪಾಟಾದ ಕಬ್ಬಿಣದ ಹಂಚನ್ನೂ ತಂದೆ. ಅತ್ತೆ ಅದನ್ನು ಹೆಣ್ಣು ನೋಡುವವರ ಹಾಗೆ ಮೇಲಿಂದ ಕೆಳಗೆ ನೋಡಿದರು.

"ಉರಿನ ಕಾಣವಲ್ದು. ಇದೇನ್ ರೊಟ್ಟಿ ಬೇಯಸ್ತೈತಿ?"

ಆದರೂ ಗುಂಡಿ ಒತ್ತಿ, ಹಂಚು ಇಟ್ಟು, ಆಮೇಲೆ ಹಿಟ್ಟು ನಾದಲು ಕೂತರು. ಕಟ್ಟಿಗೆ ಒಲೆಯವರ ರೂಢಿಯೇ ಅದು. ಅಲ್ಲಿ ಹಂಚು ಕಾಯಲು ಅಷ್ಟು ಹೊತ್ತು ಬೇಕು. ಇಲ್ಲಿ ರೊಟ್ಟಿ ಬೀಳುವಷ್ಟರಲ್ಲಿ ಹಂಚು ವಿಪರೀತ ಕಾದಿತ್ತು. ತಳ ಕರಕಲು, ನಡುವೆ ಹಸಿ. ಎರಡನೆಯದೂ ಹಾಗೇ ಆಯಿತು.

"ಇದು ನನ್ನ ಕೈಗೆ ಹತ್ತಂಗಿಲ್ಲ. ಖಾನಾವಳಿ ಗುರಲಿಂಗಪ್ಪಗ ಬ್ಯಾರೆದವ್ರನ್ನ ನೋಡ್ಕೊ ಅಂತ ಹೇಳು," ಎಂದು ಅತ್ತೆ ಎದ್ದೇಬಿಟ್ಟರು. ಅವರ ಕಣ್ಣು ತುಂಬಿತ್ತು.

ನನಗೆ ಸಿಟ್ಟು ಬಂದದ್ದು ಆ ಹಳೆಯ ಒಲೆಯ ಮೇಲೆ. ಹೊರೆಗಟ್ಟಲೆ ಕಟ್ಟಿಗೆ ತಿಂದು ಗೋಡೆ ಕಾಯಿಸಿತು, ಸೂರು ಕಾಯಿಸಿತು, ಅತ್ತೆಯ ಎದೆ ಸುಟ್ಟಿತು. ರೊಟ್ಟಿಗೆ ಕೊಟ್ಟದ್ದು ಚೂರುಪಾರು. ಅಂಥದ್ದನ್ನೇ ಪಳಗಿಸಿದ ಕೈ ಇದಕ್ಕೆ ಸೋಲಬೇಕೇ?

"ಅತ್ತೀ, ಮೊದ್ಲ ರೊಟ್ಟಿ ಬಡೀರಿ, ಆಮ್ಯಾಲ ಗುಂಡಿ ಒತ್ರಿ. ಅಲ್ಲೀತನಾ ಈ ಒಲಿ ಸುಮ್ನ ಕುಂದರತೈತಿ."

"ಕೆಲಸ ಇಲ್ಲಂದ್ರ ಉರಿಯಂಗೇ ಇಲ್ಲೇನು?"

"ಇಲ್ರಿ."

"ನಿಮ್ಮ ಮಾವಗೂ ಹಿಂಗೊಂದು ಗುಂಡಿ ಇರಬೇಕಿತ್ತು ನೋಡು," ಎಂದು ಮತ್ತೆ ಕೂತರು.

ಈ ಸಲ ಮೊದಲು ರೊಟ್ಟಿ ಬಡಿದರು. ಹಂಚು ಹದಕ್ಕೆ ಕಾದ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿ, ಅಂಚು ಒತ್ತಿದರು. ರೊಟ್ಟಿ ಪೂರ್ತಿ ಉಬ್ಬಿತು. ಅತ್ತೆ ನನ್ನ ಕಡೆ ನೋಡದೆ ಇನ್ನೊಂದು ಉಂಡೆ ತೆಗೆದುಕೊಂಡರು. ಗುರಲಿಂಗಪ್ಪ ಬುಟ್ಟಿ ಒಯ್ಯಲು ಬಂದಾಗ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, "ನಾಳೆ ಇನ್ನಷ್ಟು ಹೆಚ್ಚ ಮಾಡ್ರಿ ಚಂದವ್ವಾರ," ಎಂದು ಹೋದ. ಒಲೆಯ ಸುದ್ದಿ ಅವನಿಗೆ ನಾವು ಹೇಳಿರಲಿಲ್ಲ.

ಕೆಲವು ವಾರ ಕಳೆದವು. ಒಂದು ಮುಂಜಾನೆ ಪಕ್ಕದ ಮನೆಯ ರಂಗವ್ವ ಏದುಸಿರು ಬಿಡುತ್ತ ಓಡಿಬಂದಳು.

"ಚಂದಕ್ಕಾ, ಆರಾಮ ಅದೀ ಇಲ್ಲೋ? ನಿನ್ನಿಯಿಂದ ನಿನ್ನ ಕೆಮ್ಮ ಕೇಳಿಲ್ಲ. ನನ್ನ ಜೀವ ಬಾಯಿಗೆ ಬಂದಿತ್ತು!"

ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು. ಕೆಮ್ಮು ನಿಂತದ್ದು ಅವರಿಗೂ ಗೊತ್ತಾದದ್ದು ಆಗಲೇ.