ನಲ್ಲಿಯ ಕತ್ತು ಹಿಸುಕಿದವನು

ಹೆತ್ತ ತಪ್ಪಿಗೆ ಮಗನನ್ನು ಸಹಿಸಬೇಕು ನಿಜ. ಆದರೆ ಅವನು ನಲ್ಲಿ ರಿಪೇರಿ ಮಾಡುವುದನ್ನೂ ಕೂತು ನೋಡಬೇಕೇ? ಸ್ನಾನದ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ ಮುದುಕಿಗೆ ಒಳಗೊಳಗೇ ಉರಿಯುತ್ತಿತ್ತು. ಬಾತ್‌ಟಬ್ಬಿನ ಬಿಸಿನೀರಿನ ನಲ್ಲಿ ಬಹಳ ದಿನದಿಂದ ತೊಟ್ಟಿಕ್ಕುತ್ತಿತ್ತು. ಬಿಳಿ ಟಬ್ಬಿನ ಮೇಲೆ ಕಂದು ಗೆರೆ ಬೇರೆ ಇಳಿದಿತ್ತು. ಮಗರಾಯ ಆ ಗೆರೆಯನ್ನು ನೋಡಿದ ದಿನವೇ ತೀರ್ಪು ಕೊಟ್ಟಿದ್ದ.

"ಅಮ್ಮನ ಕೈಲಿ ನಲ್ಲಿ ನಿಲ್ಲಿಸೋಕಾಗಲ್ಲ, ಅರ್ಧಕ್ಕೇ ಬಿಟ್ಟು ಬರ್ತಾಳೆ. ಸೋಮವಾರದಿಂದ ಸ್ನಾನ ಮಾಡಿಸೋಕೆ ಒಬ್ಬ ಹೆಂಗಸು ಬರ್ತಾಳೆ, ಹೇಳಿಯಾಗಿದೆ."

ಮುದುಕಿಯ ಬೆರಳ ಗಂಟುಗಳು ಊದಿಕೊಂಡಿದ್ದವು, ಅದು ಸುಳ್ಳಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು. ಆದರೆ ಅಂಚು ಹಿಡಿದು ಟಬ್ಬಿಗೆ ಇಳಿಯುವುದು, ಮೈಗೆ ಸೋಪು ಹಚ್ಚಿಕೊಳ್ಳುವುದು, ಯಾರ ಹಂಗೂ ಇಲ್ಲದೆ ಬಿಸಿನೀರಿನಲ್ಲಿ ಒರಗಿ ಚಾವಣಿ ನೋಡುವುದು ಇನ್ನೂ ಅವಳ ಕೈಲಾಗುತ್ತಿತ್ತು. ದಿನದಲ್ಲಿ ತನ್ನದೇ ಎನ್ನಬಹುದಾದ ಹೊತ್ತು ಅದೊಂದೇ. ಗುರುತು ಪರಿಚಯವಿಲ್ಲದವಳು ಬಂದು ತನ್ನನ್ನು ಪಾತ್ರೆಯಂತೆ ತಿಕ್ಕುವುದನ್ನು ನೆನೆದರೆ ಅಳು ಬರುತ್ತಿತ್ತು. ಅಳು ಬಂದಾಗ ಮಗನನ್ನು ಬೈಯುವುದು ಅವಳ ಪದ್ಧತಿ.

ಮಗ ಮೊದಲು ನಲ್ಲಿಯ ಮೂತಿಗೆ ಬಿಳಿ ಟೇಪು ಸುತ್ತಿದ. ಸುತ್ತಿದ್ದೇ ಸುತ್ತಿದ್ದು. ನೆಗಡಿಯಾದವನ ಮೂಗಿಗೆ ಪಟ್ಟಿ ಕಟ್ಟಿದ ಹಾಗಾಯಿತು. ಹನಿ ಪಟ್ಟಿಯ ಸಂದಿಯಿಂದ ಇಳಿಯಿತು. ಆಮೇಲೆ ಅಂಗಡಿಗೆ ಹೋಗಿ ಪಳಪಳ ಹೊಳೆಯುವ ಹೊಸ ಮೂತಿಯನ್ನೇ ತಂದು ಕೂರಿಸಿದ. ಹನಿ ಈಗ ಹೊಸ ಮೂತಿಯಿಂದ ಬಿತ್ತು.

"ಸಿಂಗಾರ ಆಯ್ತು," ಎಂದಳು ಮುದುಕಿ. "ಇನ್ನು ಒಂಚೂರು ಪೌಡರ್ ಹಚ್ಚಿಬಿಡು."

"ಅಮ್ಮ, ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕ್ಬೇಡ."

ಕಚೇರಿಯಲ್ಲಿ ಹತ್ತಾರು ಜನರ ಮೇಲೆ ಸವಾರಿ ಮಾಡುವ ದೊಡ್ಡ ಮನುಷ್ಯ. ಅಲ್ಲಿ ಕೆಲಸ ಹೇಗೆ ನಡೆಯುತ್ತದೋ ದೇವರೇ ಬಲ್ಲ ಎಂದುಕೊಂಡಳು ಮುದುಕಿ.

ನೋಡಲಾರದೆ ಸೊಸೆ ಎದ್ದು ಬಂದಳು. "ರೀ, ನೀರೇನು ಮೂತೀಲಿ ಹುಟ್ಟತ್ತಾ? ಒಳಗಿನ ವಾಷರ್ ಹೋಗಿರತ್ತೆ, ಬಿಚ್ಚಿ ನೋಡೋಣ."

ಹೊರಗಿನ ವಾಲ್ವ್ ತಿರುಗಿಸಿ ಮನೆಯ ನೀರನ್ನೇ ನಿಲ್ಲಿಸಿದಳು. ತಿರುಪು ಜಾರಿ ಹೋಗದಿರಲೆಂದು ಟಬ್ಬಿನ ತೂಬಿಗೆ ಬಟ್ಟೆ ತುರುಕಿದಳು. ನಲ್ಲಿಯ ಹಿಡಿಯ ತಿರುಪು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು, ಹಿಡಿಯನ್ನು ಕಿತ್ತು ಅತ್ತೆಯ ಕೈಗೆ ಕೊಟ್ಟು, ಒಳಗಿನ ತಿರುಗಣಿಯನ್ನು ಸ್ಪ್ಯಾನರಿನಿಂದ ಬಿಚ್ಚಿದಳು. ಅದರ ತುದಿಯ ರಬ್ಬರ್ ಬಿಲ್ಲೆ ಉಂಗುರದ ಆಕಾರದಲ್ಲಿ ಆಳವಾಗಿ ಕತ್ತರಿಸಿಹೋಗಿತ್ತು.

ಸೊಸೆ ಅದನ್ನು ಬೆಳಕಿಗೆ ಹಿಡಿದಳು. "ಸಡಿಲ ಬಿಟ್ರೆ ಹೀಗಾಗಲ್ಲ. ಅದುಮಿ ಅದುಮಿ ಬಿಗಿ ಮಾಡಿದ್ರೆ ಆಗೋದು. ಅತ್ತೆ ಕೈಲಿ ಅಷ್ಟು ಶಕ್ತಿ ಎಲ್ಲಿದೆ?"

ಯಾರ ಕೈಲಿದೆ ಎಂದು ಯಾರೂ ಕೇಳಲಿಲ್ಲ. ಮನೆಯ ಡಬ್ಬಿಗಳನ್ನೆಲ್ಲ ಈ ಜನ್ಮದಲ್ಲಿ ತೆಗೆಯಲಾಗದಂತೆ ಮುಚ್ಚಿಡುವವನು ಒಬ್ಬನೇ. ಸ್ನಾನ ಮುಗಿಸಿ ನಲ್ಲಿಯ ಕತ್ತು ಹಿಸುಕಿ ಬರುವವನೂ ಅವನೇ. ಅವನ ನಂತರ ಸ್ನಾನಕ್ಕೆ ಹೋದ ಮುದುಕಿ ಎಷ್ಟು ಸಲ ಆ ಹಿಡಿಗೆ ಟವೆಲ್ ಸುತ್ತಿ ಹೆಣಗಾಡಿ, ತಿರುಗದೆ, ತಣ್ಣೀರಲ್ಲೇ ಮಿಂದು ನಡುಗುತ್ತ ಬಂದಿದ್ದಳು! ತನ್ನ ಕೈಯೇ ಸೋತಿತೆಂದು ನಂಬಿ ಯಾರಿಗೂ ಹೇಳಿರಲಿಲ್ಲ. ಈಗ ಅವಳಿಗೆ ಮೈಯೆಲ್ಲ ಕೋಪ ಬಂತು.

"ಕಳಪೆ ಮಾಲು," ಎಂದು ಗೊಣಗಿ ಮಗ ಮತ್ತೆ ಅಂಗಡಿಗೆ ಹೋಗಿ ವಾಷರ್ ತಂದ. ಸೊಸೆ ಅದನ್ನು ಕೂರಿಸಿ, ಹೊರಗಿನ ವಾಲ್ವ್ ತೆರೆದು ಬಂದಳು. ತೊಟ್ಟಿಕ್ಕುವುದು ನಿಂತಿತ್ತು. ಅಷ್ಟಕ್ಕೆ ಸುಮ್ಮನಿರುವ ಆಸಾಮಿಯೇ? ಅಮ್ಮನ ಕೈಯಿಂದ ಹಿಡಿ ಕಸಿದು ತಿರುಗಣಿಗೆ ಸಿಕ್ಕಿಸಿ, ನೀರು ಬಿಟ್ಟು, ನಿಲ್ಲಿಸಿ, ಹಲ್ಲು ಕಚ್ಚಿ ಮತ್ತೊಂದು ಸುತ್ತು ಅದುಮಿದ.

"ಈಗ ತೆಗಿ ನೋಡೋಣ," ಎಂದ.

ಮುದುಕಿ ಎದ್ದು ಬಂದು ಎರಡೂ ಕೈ ಹಾಕಿದಳು. ಅದು ಮಿಸುಕಲಿಲ್ಲ.

"ನೋಡಿದ್ಯಾ? ಅದಕ್ಕೇ ಆ ಹೆಂಗಸು ಬರ್ಲಿ ಅಂದಿದ್ದು."

ಸೊಸೆ ಬಾಗಿ, ಬಲ ಹಾಕಿ ನಲ್ಲಿ ಸಡಿಲಿಸಿದಳು. ಮತ್ತೆ ಎರಡೇ ಬೆರಳಲ್ಲಿ ನಿಲ್ಲಿಸಿದಳು. ಒಂದು ಹನಿಯೂ ಬೀಳಲಿಲ್ಲ. ಮುದುಕಿ ತನ್ನ ಊದಿದ ಬೆರಳಿನಿಂದ ತಿರುಗಿಸಿದಳು, ನೀರು ಬಂತು. ತಿರುಗಿಸಿದಳು, ನಿಂತಿತು. ಹಿಡಿಯ ತಿರುಪು ಇನ್ನೂ ಸೊಸೆಯ ಅಂಗೈಯಲ್ಲೇ ಇತ್ತು. ಮುದುಕಿ ಹಿಡಿಯನ್ನು ಮೆಲ್ಲಗೆ ಕಿತ್ತು ಸ್ವೆಟರ್ ಜೇಬಿಗೆ ಹಾಕಿಕೊಂಡಳು.

"ಅಮ್ಮ, ಏನು ಹುಡುಗಾಟ ಇದು! ಬೆಳಿಗ್ಗೆ ನಾನು ಸ್ನಾನ ಮಾಡೋದು ಬೇಡ್ವಾ?"

"ಬೇಡ ಅಂದೋರ್ಯಾರು? ಕೂಗು, ಬಂದು ನೀರು ಬಿಡ್ತೀನಿ. ಆದ ಮೇಲೆ ಮತ್ತೆ ಕೂಗು, ಬಂದು ನಿಲ್ಲಿಸ್ತೀನಿ. ನಿನ್ನ ಕೈಲಿ ನಲ್ಲಿ ನಿಲ್ಲಿಸೋಕಾಗಲ್ಲ, ಗೊತ್ತಾಯ್ತಲ್ಲ."

"ನಾನು ಸ್ನಾನ ಮಾಡ್ತಿರುವಾಗ ನೀನು ಒಳಗೆ ಬರೋದಾ? ನನಗೆ ನಾಚಿಕೆ ಆಗಲ್ವಾ?"

"ಆಗತ್ತಾ?" ಮುದುಕಿ ಮಗನ ಮುಖವನ್ನೇ ನೋಡಿದಳು. "ನಿನಗೆ ಹೆತ್ತ ತಾಯಿ ಬಂದ್ರೆ ನಾಚಿಕೆ. ನನಗೆ ಯಾರೋ ದಾರೀಲಿ ಹೋಗೋಳು ಬಂದ್ರೆ ನಡೆಯತ್ತೆ, ಅಲ್ವಾ?"

ಮಗ ಆ ಹೆಂಗಸಿಗೆ ಬರುವುದು ಬೇಡವೆಂದು ಹೇಳಲು ಫೋನ್ ಎತ್ತಿಕೊಂಡು ಹೊರಗೆ ಹೋದ.